ಶಾಸ್ತ್ರ ‘ಶಾಸ್’ ಆದ ಶನಿವಾರ

ಎಸ್‌ಕ್ಯೂಎಲೈಟ್ ಎಂಬ, ಒಂದೇ ಕಡತದಲ್ಲಿ ಕೂರುವ ದತ್ತಸಂಚಯದಲ್ಲಿದ್ದ (ಡೇಟಾಬೇಸ್) ಪುಸ್ತಕಪಟ್ಟಿಯನ್ನು ಜುಪಿಟರ್ ನೋಟ್‌ಬುಕ್‌ನಲ್ಲಿ, ಅಂದರೆ ಕೋಡ್ ಬರೆದು ಅದರ ಉತ್ತರವನ್ನು ಅಲ್ಲೇ ಕೆಳಗೆ ನೋಡುವ ಪುಟದಲ್ಲಿ, ತೋರಿಸಲು ಆ ಶನಿವಾರ ಗ್ರಂಥಾಲಯಕ್ಕೆ ಹೋಗಿದ್ದೆ. ಅದಕ್ಕೆ ಬೇಕಾದ ವಿಸ್ತರಣೆಯನ್ನು ಮೊದಲೇ ಸೇರಿಸಿಕೊಂಡಿದ್ದರೆ, ಸೆಲ್‌ನ (ಕೋಡ್ ಬರೆಯುವ ಚೌಕ) ಮೊದಲ ಸಾಲಿನಲ್ಲಿ ಎರಡು ಶೇಕಡಾ ಚಿಹ್ನೆ ಹಾಕಿ, ದತ್ತಸಂಚಯವನ್ನು ಪ್ರಶ್ನಿಸುವ ಭಾಷೆಯಾದ ಎಸ್‌ಕ್ಯೂಎಲ್‌ನ ಹೆಸರು ಬರೆದರೆ ಸಾಕು, ಕೆಳಗಿನದೆಲ್ಲ ದತ್ತಸಂಚಯಕ್ಕೆ ಹೋಗುತ್ತದೆ. ಉತ್ತರ ಪಾಂಡಾಸ್ (ಪೈಥಾನ್ ಭಾಷೆಯಲ್ಲಿ ಕೋಷ್ಟಕಗಳನ್ನು ನಿಭಾಯಿಸುವ ಸಾಧನ) ಕೋಷ್ಟಕವಾಗಿ ಬರುವಂತೆ ಹೊಂದಿಸಿದ್ದೆ.

ಗ್ರಂಥಪಾಲಕಿ ಕನ್ನಡಕ ಏರಿಸಿಕೊಂಡು ನೋಡಿದರು. “ಅಲ್ಲಪ್ಪಾ, ನಮ್ಮಲ್ಲಿರುವುದು ಹತ್ತೇ ಪುಸ್ತಕವೇ?”

ಸಾಲುಗಳು 60 ದಾಟಿದರೆ ಪಾಂಡಾಸ್ ಮೊದಲ 5, ಕೊನೆಯ 5 ತೋರಿಸಿ ನಡುವೆ ಚುಕ್ಕಿಗಳನ್ನಿಡುತ್ತದೆ. ಒಟ್ಟು ಲೆಕ್ಕ ಅಡಿಯಲ್ಲಿರುತ್ತದೆ. ಅಲ್ಲಿಗೆ ಯಾರ ಕಣ್ಣೂ ಹೋಗುವುದಿಲ್ಲ. ಮಿತಿ ತೆಗೆದೆ. ಆಗ ವರ್ಷದ ಕಾಲಂ ಅವರ ಕಣ್ಣಿಗೆ ಬಿತ್ತು: 1968.0.

“ಇದೇನು, ಇಸವಿಗೂ ಪೈಸೆ ಲೆಕ್ಕವೇ?”

ಕೆಲವು ಪುಸ್ತಕಗಳಿಗೆ ವರ್ಷ ನಮೂದಾಗಿರಲಿಲ್ಲ. ಒಂದು ಖಾಲಿ ಮನೆ ಸಿಕ್ಕರೂ ಸಾಕು, ಪಾಂಡಾಸ್ ಪೂರ್ಣಾಂಕಗಳ ಇಡೀ ಕಾಲಂ ಅನ್ನು ದಶಮಾಂಶಕ್ಕೆ ತಿರುಗಿಸುತ್ತದೆ. ಕಡತದಲ್ಲಿ 1968 ಎಂದೇ ಇದೆ. ಸೊನ್ನೆ ಪ್ರದರ್ಶನದ ಹಾದಿಯಲ್ಲಿ ಅಂಟಿಕೊಂಡದ್ದು. ಖಾಲಿಯನ್ನೂ ಒಪ್ಪುವ ಪೂರ್ಣಾಂಕದ ಮಾದರಿಗೆ ಕಾಲಂ ಅನ್ನು ಬದಲಿಸಿದ ಮೇಲೆ ಅದು ತೊಲಗಿತು.

ನನಗೆ ನಿಜಕ್ಕೂ ಸಿಟ್ಟು ತರಿಸಿದ್ದು ಶೀರ್ಷಿಕೆಗಳ ಗತಿ. ಒಂದು ಮನೆಯಲ್ಲಿ 50 ಚಿಹ್ನೆ ಮೀರಿದರೆ ಪಾಂಡಾಸ್ ಬಾಲಕ್ಕೆ ಕತ್ತರಿ ಹಾಕುತ್ತದೆ. ಇಂಗ್ಲಿಷಿಗೆ ಅದು ಧಾರಾಳ. ಕನ್ನಡದಲ್ಲಿ ಗುಣಿತದ ಗುರುತು, ವ್ಯಂಜನದ ಸ್ವರ ತೆಗೆಯುವ ವಿರಾಮದ ಗುರುತು, ಅನುಸ್ವಾರದ ಸೊನ್ನೆ ಎಲ್ಲವೂ ಬೇರೆ ಬೇರೆ ಎಣಿಕೆ: ‘ಗ್ರಂಥಾಲಯ’ ನಮಗೆ ನಾಲ್ಕಕ್ಷರ, ಅದಕ್ಕೆ ಎಂಟು. ಒತ್ತಕ್ಷರದ ನಡುವೆಯೇ ಕತ್ತರಿ ಬಿದ್ದು ಒಂದು ‘ಶಾಸ್ತ್ರ’ ‘ಶಾಸ್’ ಎಂದು ನಿಂತಿತ್ತು. ಕನ್ನಡವನ್ನು ಲೆಕ್ಕಕ್ಕೇ ಹಿಡಿಯದೆ ಇಟ್ಟ ಮಿತಿ ಇದು. ಅದನ್ನೂ ತೆಗೆದೆ.

ಡಕ್‌ಡಿಬಿ ಎಂಬ ಇನ್ನೊಂದು ದತ್ತಸಂಚಯ ಸಾಧನವನ್ನೂ ಪ್ರಯತ್ನಿಸಿದೆ. ಅದು ಕಾಲಂನ ಹೆಸರಿನ ಕೆಳಗೆ ಅದರ ಬಗೆಯನ್ನೂ (ಸಂಖ್ಯೆಯೋ ಪಠ್ಯವೋ ಎಂದು) ತೋರಿಸುತ್ತದೆ. ಖಾಲಿ ಇದ್ದಲ್ಲಿ ನಲ್ (ಬೆಲೆಯಿಲ್ಲ) ಎಂದೇ ಬರೆಯುತ್ತದೆ. ಈ ಪ್ರಾಮಾಣಿಕತೆ ನನಗೆ ಮೆಚ್ಚು. ಆದರೆ ಅದು ಗೆರೆ ಎಳೆಯುವುದು ಪಠ್ಯದ ಚಿಹ್ನೆಗಳಿಂದ. ಕನ್ನಡದ ಅಕ್ಷರಗಳ ಅಗಲ ಒಂದೊಂದು ತರವಾದ್ದರಿಂದ ನೆಟ್ಟಗಿರಬೇಕಾದ ಗೆರೆ ಸಾಲುಸಾಲಿಗೂ ಓಲಾಡುತ್ತಿತ್ತು. ಪಾಂಡಾಸ್ ಕೊಡುವ, ವೆಬ್ ಪುಟದ ಬಗೆಯ ಎಚ್‌ಟಿಎಂಎಲ್ ಕೋಷ್ಟಕಕ್ಕೆ ಆ ತೊಂದರೆಯಿಲ್ಲ, ಹಾಗಾಗಿ ಪಾಂಡಾಸ್‌ಗೇ ಮರಳಿದೆ.

ಪೂರ್ತಿ ಪಟ್ಟಿ ಮೂಡಿದ ಮೇಲೆ ಗ್ರಂಥಪಾಲಕಿ, “ಅಕ್ಸೆಷನ್ ಸಂಖ್ಯೆಯ ಕ್ರಮದಲ್ಲಿಲ್ಲವಲ್ಲ?” ಎಂದರು; ಪುಸ್ತಕ ಗ್ರಂಥಾಲಯಕ್ಕೆ ಸೇರಿದಾಗ ಕೊಡುವ ದಾಖಲೆ ಸಂಖ್ಯೆ ಅದು. ಕ್ರಮ ಹೇಳುವ ಆರ್ಡರ್ ಬೈ ಎಂಬ ಪದಗಳನ್ನು ಬರೆಯದಿದ್ದರೆ ಯಾವ ಕ್ರಮಕ್ಕೂ ಎಸ್‌ಕ್ಯೂಎಲ್ ಹೊಣೆಯಲ್ಲ. ಸೇರಿಸಿದೆ. “ವರ್ಷ ಇಲ್ಲದವನ್ನಷ್ಟೇ ಬೇರೆ ತೆಗೆದುಕೊಡಪ್ಪಾ, ಕಪಾಟಿನಲ್ಲಿ ನೋಡಿ ತುಂಬಿಸುತ್ತೇನೆ” ಎಂದರು. ಅದಕ್ಕೆ ಇನ್ನೊಂದು ಸಾಲು ಸಾಕಾಯಿತು.