ಈ ನೀರು ಎಲ್ಲಿಗೆ ಬಿಡ್ತೀರಿ?

ಮಂಗಳವಾರದಿಂದ ಆ ಪ್ರಶ್ನೆ ತಲೆಯಲ್ಲೇ ಕೂತಿದೆ. ಕೇಳಿದವರು ನನ್ನ ವಿದ್ಯಾರ್ಥಿಯೊಬ್ಬನ ಅಪ್ಪ, ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರು. ಮಗನ ಪ್ರಾಜೆಕ್ಟಿಗೆ ಅಡಿಕೆ ಸಿಪ್ಪೆ ಕೊಡಲು ಬಂದಿದ್ದರು. ಸಿಪ್ಪೆಯ ನಾರನ್ನು ಎಪಾಕ್ಸಿ ಅನ್ನೋ ಗಟ್ಟಿಯಾಗುವ ಅಂಟಿನೊಳಗೆ ಸೇರಿಸಿ, ಗ್ಲಾಸ್ ಫೈಬರ್ ಬದಲಿಗೆ ಬಳಸೋ ವಸ್ತು ಮಾಡೋದು ಅವನ ಪ್ರಾಜೆಕ್ಟು. ರಸ್ತೆ ಬದಿ ಸುರಿದು ಬೆಂಕಿ ಹಚ್ಚುವ ಸಿಪ್ಪೆಗೆ ಕಾಲೇಜಿನಲ್ಲಿ ಇಷ್ಟು ಮರ್ಯಾದೆಯಾ ಅಂತ ಅವರಿಗೆ ನಗು.

ಮಗ ಗತ್ತಿನಿಂದ ವಿವರಿಸಿದ. ನಾರು ನೀರು ಹೀರುತ್ತದೆ, ಎಪಾಕ್ಸಿಗೂ ನೀರಿಗೂ ಆಗಿಬರಲ್ಲ. ಹಾಗಾಗಿ ನಾರು ಎಪಾಕ್ಸಿ ಒಳಗೆ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಅದಕ್ಕೇ ಶೇ. 5ರ ಕಾಸ್ಟಿಕ್ ಸೋಡಾ ನೀರಲ್ಲಿ ನೆನೆಸೋದು. ಮೇಣ, ಹೆಮಿಸೆಲ್ಯುಲೋಸ್, ನಾರನ್ನು ಅಂಟಿಸಿ ಹಿಡಿದಿಡುವ ಲಿಗ್ನಿನ್ ಒಂದಷ್ಟು ಬಿಟ್ಟುಹೋಗಿ ನಾರಿನ ಮೈ ಒರಟಾಗುತ್ತದೆ. ಸೋಡಾ ಜಾಸ್ತಿಯಾದರೆ ನಾರೇ ಕೆಡುತ್ತದೆ. 1844ರಲ್ಲಿ ಇಂಗ್ಲೆಂಡಿನ ಜಾನ್ ಮರ್ಸರ್ ಹತ್ತಿಗೆ ಮಾಡಿದ್ದೂ ಇಂಥದೇ ಅಂತಲೂ ಸೇರಿಸಿದ. ಅಪ್ಪನ ಎದುರು ಇಷ್ಟು ಇಂಗ್ಲಿಷ್ ಬೇಕಿತ್ತಾ ಅನ್ನಿಸಿತು, ಇರಲಿ.

ಅಪ್ಪ ಬಕೆಟ್ಟಿನ ಕಡು ಕಂದು ನೀರನ್ನೇ ನೋಡುತ್ತಿದ್ದರು. "ನಮ್ಮ ಅಡಿಕೆ ಬೇಯಿಸಿದ ಚೊಗರು ನೀರು ಇದ್ದಂಗೇ ಐತಲ್ಲ. ಈ ನೀರು ಎಲ್ಲಿಗೆ ಬಿಡ್ತೀರಿ ಸಾರ್?"

"ಆಸಿಡ್ ಹಾಕಿ ಕ್ಷಾರ ತೆಗೆದು ಸಿಂಕಿಗೆ ಬಿಡ್ತೀವಿ ಯಜಮಾನ್ರೇ."

"ಚೊಗರು ನಾವು ಚೆಲ್ಲಲ್ಲ ಸಾರ್. ಮುಂದಿನ ಅಡಿಕೆಗೆ ಬಣ್ಣ ಬರಬೇಕಲ್ಲ."

ಮಾತಿನಲ್ಲಿ ಕುಹಕ ಇರಲಿಲ್ಲ, ಸುಮ್ನೆ ಕೇಳಿದ್ದು. ನಮ್ಮ ಎಚ್‌ಒಡಿಗೆ ಹೇಳಿದರೆ "ಲ್ಯಾಬಲ್ಲಿ ಎಷ್ಟು ಮಹಾ ನೀರು ಬಿಡ್ರೀ" ಅಂದರು. ಸ್ಲೈಡಿನ ಮೇಲೆ ಎಲೆ ಚಿತ್ರ ಇದ್ದರೆ ಅವರಿಗೆ ಪರಿಸರ ಉಳಿದ ಹಾಗೆ.

ಅಸಿಟಿಕ್ ಆಸಿಡ್ ಕ್ಷಾರ ಕಳೆಯುತ್ತದೆ, ಕರಗಿದ ಲಿಗ್ನಿನ್ ಎಲ್ಲಿಗೆ ಹೋಗುತ್ತೆ? ಮೇಲಾಗಿ ಪಿಎಚ್ 7ಕ್ಕೆ, ಅಂದರೆ ಹುಳಿಯೂ ಅಲ್ಲದ ಕ್ಷಾರವೂ ಅಲ್ಲದ ಮಟ್ಟಕ್ಕೆ, ಬರುವವರೆಗೆ ನಾರನ್ನು ತೊಳೆಯುತ್ತಲೇ ಇರಬೇಕು. ನಾನು ಓದಿದ ಪೇಪರುಗಳಲ್ಲಿ ಅದಕ್ಕೆ ಒಂದೇ ಸಾಲು: ಡಿಸ್ಟಿಲ್ಡ್ ವಾಟರಿನಲ್ಲಿ ಚೆನ್ನಾಗಿ ತೊಳೆಯಲಾಯಿತು. ಎಷ್ಟು ಲೀಟರ್? ಸುದ್ದಿಯೇ ಇಲ್ಲ. ಕಾಗದದ ಕಾರ್ಖಾನೆಗಳಲ್ಲಿ ಇಂಥ ಕಪ್ಪು ನೀರನ್ನು ಗಟ್ಟಿಯಾಗಿಸಿ, ಉರಿಸಿ, ರಾಸಾಯನಿಕ ವಾಪಸ್ ಪಡೆಯುತ್ತಾರೆ. ನಮ್ಮ ಬಕೆಟ್ಟಿಗೆ ಆ ಏರ್ಪಾಟು ಎಲ್ಲಿಂದ ಬರಬೇಕು? ಇನ್ನೊಂದು ಮಾತು. ತಿಪ್ಪೆಗೆ ಹಾಕಿದ ಸಿಪ್ಪೆ ನಿಧಾನವಾಗಿಯಾದರೂ ಕೊಳೆಯುತ್ತದೆ. ಎಪಾಕ್ಸಿ ಒಳಗೆ ಸೇರಿದ ಮೇಲೆ ಆ ದಾರಿಯೂ ಮುಚ್ಚಿತು, ಅಲ್ವಾ?

ಗ್ಲಾಸ್ ಫೈಬರ್ ಮಾಡಲು ಸುಡುವ ಇಂಧನ ನೆನೆದರೆ ನಾರಿನ ಕೆಲಸ ಬಿಡಬೇಕು ಅಂತ ನನಗೆ ಈಗಲೂ ಅನ್ನಿಸಿಲ್ಲ. ಆದರೆ ನೀರಿನ ಲೆಕ್ಕ ಬರೆಯಲೇಬೇಕು. ಸೋಡಾ ನೀರನ್ನು ಇನ್ನೊಂದು ಕಂತಿಗೆ ಬಳಸಿ ನೋಡು, ತೊಳೆದ ನೀರೆಲ್ಲ ಅಳೆದು ರಿಪೋರ್ಟಿಗೆ ಹಾಕು ಅಂತ ಹುಡುಗನಿಗೆ ಹೇಳಿದೆ.

"ಅದಕ್ಕೆ ಮಾರ್ಕ್ಸ್ ಇದೆಯಾ ಸಾರ್?"

ಮೌಲ್ಯಮಾಪನದ ಹಾಳೆ ತೆಗೆದು ನೋಡಿದೆ. ಅಂಥ ಕಾಲಂ ಇಲ್ಲ. ಸೋಮವಾರ ಎಚ್‌ಒಡಿ ಹತ್ತಿರ ಜಗಳಕ್ಕೆ ಹೋಗಬೇಕು.