ಹುಡುಕುವುದನ್ನು ಕಲಿಸುವ ಪ್ರಯೋಗ: ಎಂಟನೆಯ ವಾರದ ಟಿಪ್ಪಣಿ

ಸಂಶೋಧನೆಗಾಗಿ ಅಂತರಜಾಲದಲ್ಲಿ ಹುಡುಕುವುದನ್ನು ವಿದ್ಯಾರ್ಥಿಗಳಿಗೆ ಕಲಿಸಲು ತೊಡಗಿ ಎಂಟು ವಾರಗಳಾದವು. ಹಿಂದಿನ ಟಿಪ್ಪಣಿಯ ಹೊತ್ತಿಗೆ ಚಿಹ್ನೆಗಳ ಪಾಠ ಮುಗಿದಿತ್ತು: ಪದಗುಚ್ಛವನ್ನು ಉದ್ಧರಣ ಚಿಹ್ನೆಯೊಳಗೆ ಇಡುವುದು, ಬೇಡದ ಪದಕ್ಕೆ ಮೊದಲು ಮೈನಸ್ ಹಾಕುವುದು, ಒಂದೇ ಜಾಲತಾಣದೊಳಗೆ ಹುಡುಕುವುದು. ಹದಿನೇಳು ಮಂದಿಯೂ ಒಂದೇ ತಾಸಿನಲ್ಲಿ ಕಲಿತರು. ಮರುವಾರ ಒಬ್ಬರೂ ಬಳಸಲಿಲ್ಲ. ತಪ್ಪು ನನ್ನದೇ. ಏನು ಹುಡುಕಬೇಕೆಂಬುದೇ ಸ್ಪಷ್ಟವಿಲ್ಲದವರ ಕೈಗೆ ಸಲಕರಣೆ ಕೊಟ್ಟು ಕೂತಿದ್ದೆ.

ಹಾಗಾಗಿ ಈ ಬಾರಿ ಒಂದೇ ಪ್ರಶ್ನೆಯನ್ನು ಹಿಡಿದುಕೊಂಡೆವು. ನಾಲಿಗೆಯ ತುದಿಯಲ್ಲಿ ಸಿಹಿ, ಹಿಂಭಾಗದಲ್ಲಿ ಕಹಿ, ಅಂಚುಗಳಲ್ಲಿ ಹುಳಿ ಮತ್ತು ಉಪ್ಪು ತಿಳಿಯುತ್ತದೆ ಎಂದು ತೋರಿಸುವ ಚಿತ್ರವನ್ನು ಎಲ್ಲರೂ ಎಲ್ಲಾದರೂ ನೋಡಿದವರೇ. ಅದು ಸರಿಯೇ ಎಂಬುದನ್ನು ಕಂಡುಹಿಡಿಯಬೇಕಿತ್ತು. ಪರದೆಯನ್ನು ಮುಟ್ಟುವ ಮೊದಲು, ಟೈಪ್ ಮಾಡಲಿರುವ ಪದಗಳನ್ನು ಕಾಗದದಲ್ಲಿ ಬರೆಯಬೇಕೆಂಬುದು ನಾನು ಹಾಕಿದ ಏಕೈಕ ನಿಯಮ.

ಹನ್ನೊಂದು ಕಾಗದಗಳಲ್ಲಿ ಇದ್ದದ್ದು ಹೆಚ್ಚುಕಡಿಮೆ ಒಂದೇ ಸಾಲು: ‘ನಾಲಿಗೆಯ ತುದಿಯಲ್ಲಿ ಸಿಹಿ ತಿಳಿಯಲು ಕಾರಣವೇನು’. ಉತ್ತರವನ್ನು ಮೊದಲೇ ಒಪ್ಪಿಕೊಂಡು ಕೇಳಿದ ಈ ಪ್ರಶ್ನೆಗೆ, ಅದೇ ಪದಗಳಿರುವ ಪುಟಗಳೂ ಅದೇ ಚಿತ್ರವೂ ಸಾಲುಗಟ್ಟಿ ಬಂದವು. ಒಬ್ಬಳು ಮಾತ್ರ ‘ನಾಲಿಗೆಯ ರುಚಿ ನಕ್ಷೆ, ಪುರಾವೆ’ ಎಂದು ಬರೆದಿದ್ದಳು. ಆ ನಕ್ಷೆಯನ್ನು ಅಲ್ಲಗಳೆಯುವ ಬರಹಗಳು ಅವಳಿಗೆ ಮೊದಲ ಪುಟದಲ್ಲೇ ಸಿಕ್ಕವು. ಎರಡೂ ಕಾಗದಗಳನ್ನು ಹಲಗೆಗೆ ಅಂಟಿಸಿದೆ. ಚಿಹ್ನೆಗಳ ಬಗ್ಗೆ ಒಂದು ತಾಸು ಮಾತಾಡಿ ಸಾಧಿಸಲಾಗದ್ದು ಆ ಎರಡು ಸಾಲುಗಳಿಂದ ಆಯಿತು.

ಮುಂದಿನ ಹೆಜ್ಜೆ ಪದ ಹೆಕ್ಕುವುದು. ಸಿಕ್ಕ ಪುಟದಲ್ಲಿ ತಜ್ಞರು ಬಳಸಿದ ಪದವನ್ನು ಗುರುತಿಸಿ, ಮುಂದಿನ ಹುಡುಕಾಟದಲ್ಲಿ ಅದನ್ನೇ ಹಾಕಬೇಕು. ‘ಟೇಸ್ಟ್ ಥ್ರೆಶೋಲ್ಡ್’, ಅಂದರೆ ರುಚಿ ಮೊತ್ತಮೊದಲು ಗೊತ್ತಾಗುವ ಮಟ್ಟ, ಎಂಬ ಒಂದು ಪದ ಸಿಕ್ಕಿದ್ದೇ ತಡ, ಸಾಮಾನ್ಯ ಲೇಖನಗಳು ಹಿಂದೆ ಸರಿದು ಸಂಶೋಧನಾ ಪ್ರಬಂಧಗಳು ಮೇಲೆ ಬಂದವು. ಅಲ್ಲಿಂದ ಜಾಡು ಬಿಚ್ಚಿಕೊಂಡಿತು. 1901ರಲ್ಲಿ ಜರ್ಮನಿಯ ಡೇವಿಡ್ ಹೇನಿಗ್ ನಾಲಿಗೆಯ ಬೇರೆಬೇರೆ ಭಾಗಗಳ ಸಂವೇದನೆಯಲ್ಲಿ ಅಲ್ಪ ವ್ಯತ್ಯಾಸವಿದೆ ಎಂದಷ್ಟೇ ತೋರಿಸಿದ್ದರು. 1942ರಲ್ಲಿ ಅಮೆರಿಕದ ಮನೋವಿಜ್ಞಾನಿ ಎಡ್ವಿನ್ ಬೋರಿಂಗ್ ತಮ್ಮ ಪುಸ್ತಕದಲ್ಲಿ ಅದನ್ನು ಮರುಚಿತ್ರಿಸಿದ ರೀತಿಯಿಂದ ಆ ವ್ಯತ್ಯಾಸ ದೊಡ್ಡದೆಂಬ ಭಾವನೆ ಹುಟ್ಟಿತು. 1974ರಲ್ಲಿ ವರ್ಜೀನಿಯಾ ಕಾಲಿಂಗ್ಸ್ ಮತ್ತೆ ಪರೀಕ್ಷಿಸಿ, ವ್ಯತ್ಯಾಸವಿದ್ದರೂ ಅದು ನಗಣ್ಯವೆಂದು ಕಂಡರು. ಪ್ರಬಂಧದ ಕೊನೆಯ ಆಕರಪಟ್ಟಿ ಹಿಂದಕ್ಕೆ ಒಯ್ಯುತ್ತದೆ. ಸಂಶೋಧನಾ ಪ್ರಬಂಧಗಳನ್ನು ಹುಡುಕಲೆಂದೇ 2004ರಲ್ಲಿ ಆರಂಭವಾದ ಗೂಗಲ್ ಸ್ಕಾಲರ್‌ನಲ್ಲಿ, ಆ ಪ್ರಬಂಧವನ್ನು ಉಲ್ಲೇಖಿಸಿದವರನ್ನು ತೋರಿಸುವ ಕೊಂಡಿ ಮುಂದಕ್ಕೆ ಒಯ್ಯುತ್ತದೆ. ಫಲಿತಾಂಶದ ಕೆಳಗೇ ಇರುವ ಆ ಕೊಂಡಿಯನ್ನು ಹದಿನೇಳರಲ್ಲಿ ಒಬ್ಬರೂ ಅದುವರೆಗೆ ಒತ್ತಿರಲಿಲ್ಲ.

ಇನ್ನೂ ಕುಂಟುತ್ತಿರುವುದು ಪುಟದಿಂದ ಹೊರಬರುವ ಅಭ್ಯಾಸ. ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ ತಮ್ಮ 2017ರ ಅಧ್ಯಯನದಲ್ಲಿ 10 ಮಂದಿ ಇತಿಹಾಸತಜ್ಞರು, 10 ಮಂದಿ ವೃತ್ತಿಪರ ಸತ್ಯಶೋಧಕರು (ಸುದ್ದಿ, ಹೇಳಿಕೆಗಳು ನಿಜವೇ ಎಂದು ಪರಿಶೀಲಿಸುವವರು) ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 25 ವಿದ್ಯಾರ್ಥಿಗಳು ಜಾಲತಾಣಗಳನ್ನು ಹೇಗೆ ತೂಗಿನೋಡುತ್ತಾರೆಂದು ಗಮನಿಸಿದ್ದರು. ಅಪರಿಚಿತ ಪುಟಕ್ಕೆ ಬಂದ ಸತ್ಯಶೋಧಕರು ಅಲ್ಲೇ ತಳವೂರದೆ, ಹೊಸ ಟ್ಯಾಬುಗಳನ್ನು ತೆರೆದು ಆ ಪುಟದ ಬಗ್ಗೆ ಬೇರೆಯವರು ಏನೆನ್ನುತ್ತಾರೆಂದು ನೋಡುತ್ತಿದ್ದರು. ನನ್ನ ತರಗತಿಯಲ್ಲಿ ಇದನ್ನು ಹೇಳಿದಾಗ, ಅರ್ಧ ಓದಿ ಬಿಡುವುದು ಸೋಮಾರಿತನವಲ್ಲವೇ ಎಂದು ಒಬ್ಬ ಕೇಳಿದ. ಪೂರ್ತಿ ಓದಿ ಎಂದು ಅವರಿಗೆ ಇಷ್ಟು ವರ್ಷ ಹೇಳಿದವರು ನಾವೇ ಆದ್ದರಿಂದ ಆ ಪ್ರಶ್ನೆ ನನಗೆ ಸರಿಯಾಗಿಯೇ ತಟ್ಟಿತು. ಸದ್ಯಕ್ಕೆ ಮೂರು ನಿಮಿಷದ ಗಡುವು ಇಟ್ಟಿದ್ದೇನೆ: ಅಷ್ಟರೊಳಗೆ ಪುಟ ಯಾರದೆಂದು ಹೊರಗಿನಿಂದ ತಿಳಿಯಬೇಕು, ಆಮೇಲೆ ಬೇಕಿದ್ದರೆ ಮರಳಿ ಬಂದು ನಿಧಾನವಾಗಿ ಓದಬಹುದು.

ವಾರದ ಕೊನೆಗೆ ಎಲ್ಲರ ಟಿಪ್ಪಣಿಗಳಲ್ಲೂ ಹೇನಿಗ್ ಅವರ ಹೆಸರು ಬಂದಿತ್ತು. ಮೂಲವನ್ನು ಓದಿದವರು ಯಾರೂ ಇರಲಿಲ್ಲ. ಜರ್ಮನ್ ಬಾರದ ನಾನೂ ಓದಿಲ್ಲ. ಆದ್ದರಿಂದ ಹುಡುಕಾಟದ ಪುಸ್ತಕದಲ್ಲಿ ‘ಮೂಲ ನೋಡಿದ್ದೇನೆಯೇ’ ಎಂಬ ಹೊಸ ಅಂಕಣ ಗೆರೆ ಎಳೆಸಿ, ಮೊದಲ ‘ಇಲ್ಲ’ವನ್ನು ನಾನೇ ಬರೆದೆ.