ಚೊಂಗ್‌ಶಿ ಖಾನೆ ತುಂಬಿತು, ಚಮಚ ಹೋಯಿತು

ನಾನು ಜೋಡಿಸುತ್ತಿರುವ ಟಿಬೆಟಿನ ಔಷಧಿ ಕಲ್ಲುಗಳ ಪೆಟ್ಟಿಗೆಯಲ್ಲಿ ಎರಡು ತಿಂಗಳಿಂದ ಖಾಲಿ ಬಿದ್ದಿದ್ದ ಖಾನೆ ನಿನ್ನೆ ರಾತ್ರಿ ತುಂಬಿತು. ಬದಲಿಗೆ ಅಮ್ಮನ ಉಪ್ಪಿನಕಾಯಿ ಚಮಚ ಹೋಯಿತು.

ಉಳಿದ ಖಾನೆಗಳ ಕಥೆ ಬೇಡ. ಹವಳ, ಗಂಧಕ, ಬಿಳಿಗಾರ ಸಲೀಸಾಗಿ ಸಿಕ್ಕವು. ಅರಿದಾಳದಲ್ಲಿ ಆರ್ಸೆನಿಕ್ ಇರುವುದರಿಂದ ಸೀಸೆಗೆ ಮೇಣ ಹಾಕಿ ಮುಚ್ಚಿದ್ದೇನೆ. ಯಾವುದನ್ನೂ ತಿನ್ನೋಕಲ್ಲ, ನೋಡೋಕೆ ಅಷ್ಟೇ. ತೊಂದರೆ ಕೊಟ್ಟಿದ್ದು ಚೊಂಗ್‌ಶಿ.

ಚೊಂಗ್‌ಶಿ ಅಂದರೆ ಕ್ಯಾಲ್ಸೈಟ್, ಸುಣ್ಣದ ಕಲ್ಲಿನಲ್ಲಿರುವ ಖನಿಜ. ಟಿಬೆಟಿನ ವೈದ್ಯರು ಹೊಟ್ಟೆಯ ತೊಂದರೆಗಳಿಗೆ ಕೊಡುವ ಔಷಧಿಗಳಲ್ಲಿ ಇದಕ್ಕೆ ದೊಡ್ಡ ಜಾಗ. ಇದನ್ನೇ ಮುಖ್ಯವಾಗಿಟ್ಟು ಆರು ವಸ್ತು ಸೇರಿಸಿ ಮಾಡುವ ‘ಚೊಂಗ್‌ಶಿ ಆರು’ ಎಂಬ ಮದ್ದೇ ಇದೆ. ಈ ಕಲ್ಲಿನಲ್ಲಿ ಗಂಡು, ಹೆಣ್ಣು, ಮಗ, ಮಗಳು, ಎರಡೂ ಅಲ್ಲದ್ದು ಅಂತ ಐದು ಬಗೆ. ಒಂದು ಸಂಸಾರವೇ ಅನ್ನಿ. ನನಗೆ ಒಂದು ಸಿಕ್ಕಿದ್ದರೂ ಸಾಕಿತ್ತು.

ಹಸಿ ಕಲ್ಲಿನ ಪಕ್ಕ ಸುಟ್ಟಿದ್ದನ್ನೂ ಇಡಬೇಕು ಅನ್ನೋದು ನನ್ನ ಹಟ. ಬೆಂಕಿಯಲ್ಲಿ ಸುಟ್ಟು ಹದ ಮಾಡೋದು ಅವರ ಬಿಸಿ ವಿಧಾನ. ಆನ್‌ಲೈನ್‌ನಲ್ಲಿ ಒಬ್ಬ ವ್ಯಾಪಾರಿ ‘ಟಿಬೆಟಿನ ಔಷಧಿ ಕ್ಯಾಲ್ಸೈಟ್’ ಅಂತ ಅರ್ಧ ಕಿಲೋ ಮಾರುತ್ತಿದ್ದ. ತರಿಸಿದೆ. ತೆಳು ಗುಲಾಬಿ ಬಣ್ಣ, ಎಳೆ ಎಳೆಯಾಗಿ ಹೊಳೆಯುತ್ತಿತ್ತು. ಒಂದು ಚೂರು ಕುಟ್ಟಿ ಪುಡಿ ಮಾಡಿ ನಿಂಬೆರಸ ಬಿಟ್ಟೆ. ಸಣ್ಣಗೆ ನೊರೆ ಬಂತು. ಸರಿ, ಕ್ಯಾಲ್ಸೈಟೇ ಅಂತ ಚೀಟಿ ಬರೆದು ಅಂಟಿಸಿಯೂ ಬಿಟ್ಟೆ.

ಕ್ಯಾಲ್ಸೈಟ್ ಗಟ್ಟಿಯನ್ನು ನೇರ ಬೆಂಕಿಗೆ ಹಾಕಿದರೆ ಪಟಪಟ ಸಿಡಿಯುತ್ತೆ, ನಿಮಗೆ ಗೊತ್ತಲ್ಲ. ಹಾಗಾಗಿ ಪುಡಿಯನ್ನು ಮೊದಲು ತವಾ ಮೇಲೆ ಹುರಿದೆ. ಆಮೇಲೆ ನೀರು ಹಾಕಿ ಕಲಸಿ, ಬಿಲ್ಲೆ ತಟ್ಟಿ ಕುಲುಮೆಗೆ ಇಡೋಣ ಅಂದುಕೊಂಡೆ. ಕಲಸುತ್ತಾ ಇರುವಾಗ ಫೋನ್ ಬಂತು. ಹತ್ತು ನಿಮಿಷ ಬಿಟ್ಟು ಬಂದು ನೋಡಿದರೆ ಬಟ್ಟಲು, ಹಿಟ್ಟು, ಚಮಚ ಮೂರೂ ಒಂದೇ ಕಲ್ಲು!

“ಏನೋ ಇದು, ನನ್ನ ಚಮಚಕ್ಕೆ ಸಿಮೆಂಟ್ ಹಾಕಿದೀಯಾ?” ಅಂದರು ಅಮ್ಮ.

ಸಿಮೆಂಟ್ ಅಲ್ಲ, ಪ್ಲಾಸ್ಟರ್ ಆಫ್ ಪ್ಯಾರಿಸ್. ಅಂದರೆ ನನಗೆ ಬಂದಿದ್ದು ಕ್ಯಾಲ್ಸೈಟ್ ಅಲ್ಲ, ಜಿಪ್ಸಮ್. ಜಿಪ್ಸಮ್ ಪುಡಿಯನ್ನು ಸುಮಾರು 150 ಡಿಗ್ರಿಯಲ್ಲಿ ಹುರಿದು ನೀರು ಹಾಕಿದರೆ ಆಗೋದೇ ಅದು. ಉಗುರಿನಿಂದ ಗೀರಿದ್ದರೆ ಒಂದೇ ಕ್ಷಣದಲ್ಲಿ ಗೊತ್ತಾಗುತ್ತಿತ್ತು. ಜಿಪ್ಸಮ್‌ಗೆ ಗೀರು ಬೀಳುತ್ತೆ, ಕ್ಯಾಲ್ಸೈಟ್‌ಗೆ ಬೀಳಲ್ಲ. ದಾರ ಕಟ್ಟಿ ನೀರಿನಲ್ಲಿ ತೂಗಿ ನೋಡಿದೆ. ಸಾಂದ್ರತೆ 2.32. ಕ್ಯಾಲ್ಸೈಟ್ ಆಗಿದ್ದರೆ 2.71 ಬರಬೇಕಿತ್ತು.

ಹಾಗಾದರೆ ನೊರೆ ಎಲ್ಲಿಂದ ಬಂತು? ಇದಕ್ಕೆ ಮೂರು ರಾತ್ರಿ ಹೋಯಿತು. ವ್ಯಾಪಾರಿ ಮೇಲೆ ಸುಣ್ಣ ಸವರಿ ಕಳಿಸಿದ್ದಾನೆ ಅಂತ ಬೈದುಕೊಂಡೆ. ಕೊನೆಗೆ ಕುಟ್ಟಾಣಿ ನೋಡಿದೆ. ಹೋದ ತಿಂಗಳು ಅದರಲ್ಲೇ ಅಮೃತಶಿಲೆ ಕುಟ್ಟಿದ್ದೆ, ಸರಿಯಾಗಿ ತೊಳೆದಿರಲಿಲ್ಲ. ಅಮೃತಶಿಲೆಯೂ ಕ್ಯಾಲ್ಸೈಟೇ, ನೊರೆ ಬಂದಿದ್ದು ಆ ಪುಡಿಯಿಂದ.

ವ್ಯಾಪಾರಿಯದೂ ಪೂರ್ತಿ ಮೋಸ ಇರಲಿಕ್ಕಿಲ್ಲ. ಪೊಟ್ಟಣದ ಮೇಲೆ ಚೀನೀ ಹೆಸರಿತ್ತು: ಹಾನ್‌ಶುಯ್‌ಶಿ, ಅಂದರೆ ತಣ್ಣೀರುಗಲ್ಲು. ಚೀನಾದ ಮದ್ದಿನಂಗಡಿಗಳಲ್ಲಿ ಈ ಒಂದೇ ಹೆಸರಿಗೆ ಎರಡು ಕಲ್ಲು. ಉತ್ತರದಲ್ಲಿ ಕೊಡೋದು ಜಿಪ್ಸಮ್, ದಕ್ಷಿಣದಲ್ಲಿ ಕ್ಯಾಲ್ಸೈಟ್. ಚೊಂಗ್‌ಶಿಯನ್ನು ಚೀನೀ ಭಾಷೆಯಲ್ಲಿ ಹೇಳುವಾಗಲೂ ಇದೇ ಹೆಸರು ಬಳಸುತ್ತಾರೆ. ನನ್ನ ಪಾಲಿಗೆ ಉತ್ತರದ್ದು ಬಂದಿತ್ತು ಅಷ್ಟೇ. ಆದರೂ ಕೊರಿಯರ್ ದುಡ್ಡು ವಾಪಸ್ ಕೊಡಲ್ಲ ಅಂದನಲ್ಲ, ಅದಕ್ಕೆ ಕ್ಷಮೆ ಇಲ್ಲ.

ಈ ಜಗಳದ ನಡುವೆ ಮುಂದಿನ ಖಾನೆ ಹೊಳೆಯಿತು. ಟಿಬೆಟನ್‌ನಲ್ಲಿ ಅಯಸ್ಕಾಂತದ ಕಲ್ಲಿಗೆ ‘ಖಬ್‌ಲೆನ್’ ಅನ್ನುತ್ತಾರೆ. ಖಬ್ ಅಂದರೆ ಸೂಜಿ, ಲೆನ್ ಅಂದರೆ ಹಿಡಿಯೋದು. ನಮ್ಮಲ್ಲೂ ಅದು ಸೂಜಿಗಲ್ಲೇ ಅಲ್ವಾ! ಮೈಯಲ್ಲಿ ಹೊಕ್ಕ ಬಾಣದ ಮೊನೆಯನ್ನು ಅದು ಎಳೆದು ತೆಗೆಯುತ್ತೆ ಅಂತ ಅವರ ಹಳೆಯ ವೈದ್ಯಗ್ರಂಥಗಳು ಹೇಳುತ್ತವೆ. ಈ ಕಲ್ಲಿನ ಖನಿಜ ಮ್ಯಾಗ್ನೆಟೈಟ್, ಕುದುರೆಮುಖದಲ್ಲಿ ಅಗೆಯುತ್ತಿದ್ದದ್ದೂ ಅದರ ಅದಿರೇ. ಗಣಿ ಮುಚ್ಚಿದೆ. ಯಾರ ಹತ್ತಿರವಾದರೂ ಹಳೆಯ ಗಟ್ಟಿ ಇದ್ದರೆ ಹೇಳಿ, ಬದಲಿಗೆ ಅರ್ಧ ಕಿಲೋ ಜಿಪ್ಸಮ್ ಕೊಡುತ್ತೇನೆ.

ಇರಲಿ, ಚೊಂಗ್‌ಶಿಗೆ ಬರೋಣ. ಮಹಾರಾಷ್ಟ್ರದ ಜಲಗಾಂವ್ ಕಡೆಯ ಕ್ಯಾಲ್ಸೈಟ್ ಒಬ್ಬ ಗೆಳೆಯರ ಹತ್ತಿರ ಸಿಕ್ಕಿತು. ಅಚ್ಚ ಪಾರದರ್ಶಕ. ಪತ್ರಿಕೆ ಮೇಲಿಟ್ಟರೆ ಒಂದು ಸಾಲು ಎರಡಾಗಿ ಕಾಣುತ್ತೆ. ಉಗುರು ಜಾರಿತು, ತೂಕವೂ ಸರಿ ಬಂತು. ಈ ಸಲ ಕುಟ್ಟಾಣಿಯನ್ನು ಮೂರು ಸಲ ತೊಳೆದೆ. 50 ಗ್ರಾಂ ಪುಡಿಯನ್ನು ಮೂಸೆಯಲ್ಲಿ ಹಾಕಿ, ಇದ್ದಿಲಿಗೆ ಬ್ಲೋವರ್ ಕೊಟ್ಟು ಎರಡು ಗಂಟೆ ಕೆಂಪಗೆ ಕಾಯಿಸಿದೆ. ಪೂರ್ತಿ ಬೆಂದಿದ್ದರೆ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹೋಗಿ 28 ಗ್ರಾಂ ಸುಣ್ಣ ಉಳಿಯಬೇಕು. ನನಗೆ 29 ಉಳಿಯಿತು. ಎಲ್ಲೋ ಸ್ವಲ್ಪ ಹಸಿ ಇದೆ, ಪರವಾಗಿಲ್ಲ. ಚಿಟಿಕೆ ತೆಗೆದು ನೀರು ಹನಿಸಿದೆ. ಚುಂಯ್ ಅಂತ ಬಿಸಿಯಾಗಿ ಅರಳಿತು. ಅಜ್ಜಿಯ ಎಲೆ ಅಡಿಕೆ ಚೀಲದ ಸುಣ್ಣದ ಡಬ್ಬಿ ನೆನಪಾಯಿತು.

ತಣ್ಣನೆಯ ವಿಧಾನದ ಖಾನೆ ಖಾಲಿಯೇ ಇದೆ. ಅದರಲ್ಲಿ ಕಲ್ಲನ್ನು ಹೀಗೆ ಸುಡೋದಿಲ್ಲ, ಬೆಳದಿಂಗಳಲ್ಲಿ ಇಡುತ್ತಾರೆ. ಈ ಮಳೆಗಾಲದಲ್ಲಿ ನನಗೆ ಎಲ್ಲಿಯ ಬೆಳದಿಂಗಳು?

ಸುಟ್ಟಿದ್ದನ್ನು ಸೀಸೆಗೆ ತುಂಬಿದೆ. ಈಗ ಬಾಯಿಗೆ ಮೇಣ ಹಾಕಬೇಕು. ಇಲ್ಲದಿದ್ದರೆ ಗಾಳಿ, ತೇವ ಕುಡಿದು ನಿಧಾನಕ್ಕೆ ಮತ್ತೆ ಹಳೆಯ ಕಲ್ಲಿನ ಕಡೆಗೇ ಹೊರಡುತ್ತೆ. ಮೇಣ ಕರಗಿಸೋಕೆ ಒಂದು ಚಮಚ ಬೇಕು. ಅಮ್ಮನ್ನ ಕೇಳೋಕೆ ಧೈರ್ಯ ಇಲ್ಲ.